ಅಸ್ಥಿಭಂಗ ಚಿಕಿತ್ಸೆ

ಪೆಟ್ಟಿನಿಂದಾಗಲಿ ಬೀಳುವಿಕೆಯಿಂದಾಗಲಿ ಒಳಗಿನ ಸವೆತದಿಂದಾಗಲಿ ಮೂಳೆಯ ಅಖಂಡತೆಗೆ ಊನವೊದಗಿದಾಗ, ಮುರಿದ ತುದಿಗಳನ್ನು ಮೊದಲಿನ ನೇರಕ್ಕೆ ತಂದು, ಅವು ಕೂಡಿಕೊಳ್ಳುವವರೆಗೆ ಕಾಪಾಡಿ, ಆ ಅಂಗವನ್ನು ಮತ್ತೆ ತನ್ನ ಕೆಲಸಕ್ಕೆ ಹೊಂದಿಸುವ ವೈದ್ಯಕ್ರಮ. ಚರ್ಮ ಹರಿಯದೆ ಒಳಗೇ ಮುರಿದಿದ್ದರೆ ಅದು ಸಂವೃತ ಭಂಗ. ಮುರಿದ ಎಡೆಯು ಗಾಯದ ಮೂಲಕ ಹೊರಗಾಳಿಗೆ ತೆರೆದುಕೊಂಡಿದ್ದರೆ ವಿವೃತ ಭಂಗ. ಕ್ಷೀಣಿಸಿದ ಮೂಳೆಯು ನಿಂತ ನಿಲುವಿನಿಂದ ಬಿದ್ದಷ್ಟಕ್ಕೇ ಮುರಿದರೆ ದೌರ್ಬಲ್ಯಜನ್ಯ ಭಂಗ. ಈ ಮೂರರ ಸ್ವಭಾವವೂ ಅಪಾಯವೂ ಬೇರೆ ಬೇರೆಯಾದುದರಿಂದ ಅವುಗಳ ಕುರಿತ ಸಂಶೋಧನೆಯೂ ಬೇರೆ ಬೇರೆ ದಾರಿಗಳಲ್ಲಿ ಸಾಗಿಬಂದಿದೆ.

ಮೂಳೆಯನ್ನು ಕೂಡಿಸುವ ಶಕ್ತಿ ವೈದ್ಯನದಲ್ಲ, ದೇಹದ್ದೇ. ಈ ಮಾತನ್ನು ಪ್ರಾಚೀನರೂ ಬಲ್ಲರು, ಆಧುನಿಕರೂ ಒಪ್ಪುವರು. ಹಾಗಿದ್ದೂ ಮುರಿತವು ಶತಮಾನಗಳ ಕಾಲ ಸಾವನ್ನೂ ಅಂಗಹಾನಿಯನ್ನೂ ತರುತ್ತಿದ್ದುದು ಏಕೆಂದು ವಿಚಾರಿಸಿದರೆ, ಸತ್ತವರಲ್ಲಿ ಬಹುಮಂದಿ ಮೂಳೆ ಕೂಡದೆ ಸತ್ತವರಲ್ಲ, ಅದು ಕೂಡಬೇಕಾದ ಕಾಲದಲ್ಲಿ ಬಂದೆರಗಿದ ಸೋಂಕು, ಧನುರ್ವಾಯು, ಹೆಪ್ಪುಗಟ್ಟಿದ ರಕ್ತ, ಹಾಸಿಗೆಯ ಹುಣ್ಣು, ಶ್ವಾಸಕೋಶದ ಉರಿಯೂತ ಮುಂತಾದುವಕ್ಕೆ ತುತ್ತಾದವರು ಎಂಬುದು ತಿಳಿದುಬರುತ್ತದೆ. ಆದುದರಿಂದ ಅಸ್ಥಿಭಂಗ ಚಿಕಿತ್ಸೆಯ ನಿಜವಾದ ಇತಿಹಾಸವು ಮೊಳೆ, ಪಟ್ಟಿಗಳ ಇತಿಹಾಸವಷ್ಟೇ ಆಗಿರದೆ, ಮೂಳೆಯ ಸುತ್ತಲಿನ ಮನುಷ್ಯನನ್ನು ಕಾಪಾಡಲು ಕಲಿತ ಬಗೆಯ ಇತಿಹಾಸವೂ ಆಗಿದೆ.

ಮೂಳೆ ಕೂಡಿಕೊಳ್ಳುವ ಬಗೆ

ಮೂಳೆ ಮುರಿದೊಡನೆ ಅದರೊಳಗಿನ ಮತ್ತು ಸುತ್ತಲಿನ ರಕ್ತನಾಳಗಳು ಹರಿದು, ಮುರಿದ ಎಡೆಯಲ್ಲಿ ರಕ್ತವು ಹೆಪ್ಪುಗಟ್ಟುತ್ತದೆ. ಈ ಹೆಪ್ಪು ನಿರರ್ಥಕವಾದ ಕಶ್ಮಲವಲ್ಲ. ಅದರೊಳಕ್ಕೆ ಬಿಳಿಯ ರಕ್ತಕಣಗಳು ನುಗ್ಗಿಬಂದು ಸತ್ತ ಅಂಶವನ್ನು ತೆಗೆದುಹಾಕುವುದರ ಜೊತೆಗೆ ದುರಸ್ತಿಗೆ ಬೇಕಾದ ಜೀವಕೋಶಗಳನ್ನು ಕರೆಯುವ ರಾಸಾಯನಿಕ ಸಂಕೇತಗಳನ್ನೂ ಬಿಡುಗಡೆ ಮಾಡುತ್ತವೆ. ಮುಂದಿನ ವಾರಗಳಲ್ಲಿ ನಾರು ಮತ್ತು ಮೃದ್ವಸ್ಥಿಗಳಿಂದ ಕೂಡಿದ ಮೆತ್ತನೆಯ ಗಂಟೊಂದು ಎರಡು ತುದಿಗಳಿಗೂ ಸೇತುವೆಯಾಗಿ ಬೆಳೆಯುತ್ತದೆ. ಇದಕ್ಕೆ ಕ್ಯಾಲಸ್ ಎಂದು ಹೆಸರು. ಕಾಲಕ್ರಮದಲ್ಲಿ ಅದರಲ್ಲಿ ಸುಣ್ಣದ ಲವಣಗಳು ಸೇರಿ ಗಟ್ಟಿಯಾದ ಮೂಳೆಯಾಗುವುದು. ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಮೂಳೆಯನ್ನು ಕರಗಿಸುವ ಅಸ್ಥಿಭಂಜಕ ಕೋಶಗಳೂ ಹೊಸದಾಗಿ ಕಟ್ಟುವ ಅಸ್ಥಿಜನಕ ಕೋಶಗಳೂ ಕೂಡಿ ದುಡಿದು, ಒರಟಾದ ಗಂಟನ್ನು ಸವರಿ, ಮೂಳೆಗೆ ಮೊದಲಿನ ಆಕಾರವನ್ನು ಬಹುಮಟ್ಟಿಗೆ ತಂದುಕೊಡುತ್ತವೆ. ಮೂಳೆಯು ತನ್ನ ಮೇಲೆ ಬೀಳುವ ಭಾರಕ್ಕೆ ಅನುಗುಣವಾಗಿ ರೂಪುಗೊಳ್ಳುವುದೆಂಬ ತತ್ತ್ವವನ್ನು ಜರ್ಮನಿಯ ಯೂಲಿಯಸ್ ವೋಲ್ಫ್ 1892ರಲ್ಲಿ ಪ್ರತಿಪಾದಿಸಿದನು. ಚರ್ಮದ ಗಾಯವು ಕಲೆಯನ್ನುಳಿಸಿ ಮಾಯುವುದಾದರೆ, ಮೂಳೆಯು ಮೂಳೆಯಿಂದಲೇ ಮಾಯುವುದು ಅದರ ವಿಶೇಷ.

ಪ್ರಾಚೀನ ಕ್ರಮಗಳು

ಕ್ರಿ.ಪೂ. ಸುಮಾರು 1600ರಲ್ಲಿ ನಕಲು ಮಾಡಲ್ಪಟ್ಟ, ಆದರೆ ಅದಕ್ಕಿಂತ ಹಳೆಯ ತಿಳಿವಳಿಕೆಯನ್ನೊಳಗೊಂಡ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್ ಸುರುಳಿಯಲ್ಲಿ 48 ಗಾಯಾಳುಗಳ ವೃತ್ತಾಂತವುಂಟು. ಮುರಿದ ಮೂಗು, ದವಡೆ, ಕೊರಳೆಲುಬು, ತೋಳುಗಳನ್ನು ಪರೀಕ್ಷಿಸುವ ಕ್ರಮವನ್ನೂ, ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂಬ ನಿರ್ಣಯವನ್ನೂ ಅದು ಹೇಳುತ್ತದೆ. ಗ್ರೀಸಿನ ಹಿಪೊಕ್ರೆಟಿಸನ ಹೆಸರಿನಲ್ಲಿರುವ ಗ್ರಂಥಸಮೂಹದಲ್ಲಿ ಮುರಿತಗಳಿಗೂ ಕೀಲುಗಳಿಗೂ ಮೀಸಲಾದ ಪ್ರತ್ಯೇಕ ಭಾಗಗಳಿವೆ.

ಭಾರತದಲ್ಲಿ ಸುಶ್ರುತಸಂಹಿತೆಯು ಈ ವಿಷಯವನ್ನು ನಿದಾನಸ್ಥಾನದ 15ನೆಯ ಅಧ್ಯಾಯದಲ್ಲೂ ಚಿಕಿತ್ಸಾಸ್ಥಾನದ 3ನೆಯ ಅಧ್ಯಾಯದಲ್ಲೂ ವಿಸ್ತಾರವಾಗಿ ನಿರೂಪಿಸುತ್ತದೆ. ಕೀಲು ತಪ್ಪಿದುದನ್ನು ಸಂಧಿಮುಕ್ತವೆಂದು ಆರು ಬಗೆಯಾಗಿಯೂ, ಮೂಳೆ ಮುರಿದುದನ್ನು ಕಾಂಡಭಗ್ನವೆಂದು ಹನ್ನೆರಡು ಬಗೆಯಾಗಿಯೂ ವಿಂಗಡಿಸಿ, ಎಳೆಯುವುದು, ಒತ್ತುವುದು, ಹೊಂದಿಸುವುದು, ಕಟ್ಟುವುದು ಎಂಬ ಕ್ರಮವನ್ನು ಅದು ವಿಧಿಸುತ್ತದೆ. ಅಶ್ವತ್ಥ, ಅತ್ತಿ, ಮುತ್ತುಗ, ಮತ್ತಿ ಮೊದಲಾದ ಮರಗಳ ತೊಗಟೆಯನ್ನೂ ಬಿದಿರಿನ ಸೀಳನ್ನೂ ಆಸರೆಪಟ್ಟಿಗಳಾಗಿ ಬಳಸಬೇಕೆಂದೂ, ಕಾಲು ಮುರಿದವನನ್ನು ಗೂಟಗಳಿಂದ ಬಿಗಿದ ಹಲಗೆಯ ಮೇಲೆ, ಕಪಾಟಶಯನವೆಂಬ ಕ್ರಮದಲ್ಲಿ, ಅಲುಗದಂತೆ ಮಲಗಿಸಬೇಕೆಂದೂ ಅಲ್ಲಿ ಹೇಳಿದೆ. ಕಟ್ಟನ್ನು ಚಳಿಗಾಲದಲ್ಲಿ ಏಳು ದಿನಗಳಿಗೊಮ್ಮೆ, ಸಮಶೀತೋಷ್ಣ ಕಾಲದಲ್ಲಿ ಐದು ದಿನಗಳಿಗೊಮ್ಮೆ, ಬೇಸಗೆಯಲ್ಲಿ ಮೂರು ದಿನಗಳಿಗೊಮ್ಮೆ ಬದಲಾಯಿಸಬೇಕು. ಎಳೆಯ ವಯಸ್ಸಿನಲ್ಲಿ ಒಂದು ತಿಂಗಳಿಗೆ ಕೂಡುವ ಮೂಳೆ ನಡುವಯಸ್ಸಿನಲ್ಲಿ ಎರಡು, ಮುಪ್ಪಿನಲ್ಲಿ ಮೂರು ತಿಂಗಳು ತೆಗೆದುಕೊಳ್ಳುವುದು. ಇವೆಲ್ಲಕ್ಕಿಂತ ಗಮನಾರ್ಹವಾದುದು ಕಟ್ಟಿನ ಬಿಗಿಯ ವಿಚಾರ: ಸಡಿಲವಾದ ಕಟ್ಟು ಮೂಳೆಯನ್ನು ಸ್ಥಿರವಾಗಿ ಹಿಡಿಯದು, ಅತಿಬಿಗಿಯಾದ ಕಟ್ಟು ಬಾವು, ನೋವು, ಕೀವುಗಳನ್ನು ತರುವುದು, ಆದುದರಿಂದ ಹದವಾದ ಬಿಗಿಯೇ ಪ್ರಶಸ್ತವೆಂದು ಸಂಹಿತೆಯು ಎಚ್ಚರಿಸುತ್ತದೆ.

ಈ ಎಚ್ಚರಿಕೆಯ ಬೆಲೆ ಇಂದಿಗೂ ಕುಂದಿಲ್ಲ. ನಾಟಿ ವೈದ್ಯರು ಗಿಡಮೂಲಿಕೆ, ಮೊಟ್ಟೆಯ ಬಿಳಿಭಾಗ, ಬಿದಿರು ಸೀಳುಗಳಿಂದ ಕಟ್ಟುವ ಪದ್ಧತಿ ದಕ್ಷಿಣ ಭಾರತದಲ್ಲೆಲ್ಲ ಬಳಕೆಯಲ್ಲಿದೆ. ತಿರುಪತಿಗೆ ಸಮೀಪದ ಪುತ್ತೂರಿನ ಕಟ್ಟನ್ನು ಅರಸಿ ಕರ್ನಾಟಕದಿಂದಲೂ ಜನ ಹೋಗುವುದುಂಟು. ಸರಳವಾದ ಸಂವೃತ ಭಂಗಗಳು ಹೀಗೆ ಕೂಡಿಕೊಳ್ಳುವುದು ಸಹಜವೇ ಸರಿ. ಆದರೆ ಬಿಗಿ ಮೀರಿದಾಗ ರಕ್ತಸಂಚಾರ ನಿಂತು ಸ್ನಾಯುಗಳು ಸಾಯುವುವು. ಹೀಗೆ ಮುರುಟಿಕೊಂಡ ಕೈಯ ಸ್ವರೂಪವನ್ನು ಜರ್ಮನಿಯ ರಿಚರ್ಡ್ ಫೋಲ್ಕ್‌ಮನ್ 1881ರಲ್ಲಿ ವರ್ಣಿಸಿದನು; ಎಳೆಯ ಮಕ್ಕಳು ಬಿಗಿಕಟ್ಟಿನಿಂದ ಕೊಳೆತ ಕೈಗಳನ್ನು ಕತ್ತರಿಸಿಕೊಳ್ಳಬೇಕಾಗಿ ಬಂದ ಸಂಗತಿಗಳು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ. ಕಟ್ಟಿದ ಮೇಲೆ ನೋವು ಇಳಿಯುವ ಬದಲು ಏರುತ್ತಿದ್ದರೆ, ಬೆರಳುಗಳು ಜೋಮುಗಟ್ಟಿದರೆ, ಅವನ್ನು ಮೆಲ್ಲನೆ ನೀವಿ ಚಾಚಿದರೂ ಸಹಿಸಲಾಗದಿದ್ದರೆ, ಕಟ್ಟನ್ನು ಕೂಡಲೆ ಬಿಚ್ಚಬೇಕೆಂಬುದು ಪ್ಲಾಸ್ಟರ್ ಹಾಕುವ ಆಸ್ಪತ್ರೆಗೂ ನಾಟಿ ವೈದ್ಯನಿಗೂ ಒಂದೇ ಬಗೆಯಾಗಿ ಅನ್ವಯಿಸುವ ನಿಯಮ.

ವಿವೃತ ಭಂಗ ಮತ್ತು ಸೋಂಕು

ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೂ ವಿವೃತ ಭಂಗವೆಂದರೆ ಅಂಗಚ್ಛೇದವೇ ಸಾಮಾನ್ಯ ವಿಧಿಯಾಗಿದ್ದಿತು. ಕಾಲನ್ನುಳಿಸಲು ಹೋಗಿ ಪ್ರಾಣವನ್ನು ಕಳೆದುಕೊಳ್ಳುವ ಭಯವೇ ಇದಕ್ಕೆ ಕಾರಣ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1756ರಲ್ಲಿ ಕುದುರೆಯಿಂದ ಬಿದ್ದು ತನ್ನ ಕಾಲನ್ನೇ ಹೀಗೆ ಮುರಿದುಕೊಂಡು, ಛೇದನಕ್ಕೆ ಸಿದ್ಧನಾಗಿದ್ದರೂ ಅದೃಷ್ಟವಶಾತ್ ಕಾಲನ್ನುಳಿಸಿಕೊಂಡನು. ಆದರೆ ಅದೃಷ್ಟವು ಚಿಕಿತ್ಸಾಕ್ರಮವಾಗಲಾರದು. ಕೊಳೆಯುವಿಕೆಗೆ ಕಾರಣ ಗಾಳಿಯಲ್ಲ, ಅದರಲ್ಲಿರುವ ಸೂಕ್ಷ್ಮಜೀವಿಗಳೆಂಬ ಪಾಸ್ತರನ ವಿಚಾರವನ್ನು ಓದಿಕೊಂಡಿದ್ದ ಜೋಸೆಫ್ ಲಿಸ್ಟರ್, 1865ರ ಆಗಸ್ಟ್ 12ರಂದು ಗ್ಲ್ಯಾಸ್ಗೋ ನಗರದ ರಾಜಾಸ್ಪತ್ರೆಯಲ್ಲಿ, ಗಾಡಿಯ ಚಕ್ರ ಹಾಯ್ದು ಕಾಲು ಮುರಿದಿದ್ದ ಹನ್ನೊಂದು ವರ್ಷದ ಬಾಲಕನೊಬ್ಬನ ಗಾಯವನ್ನು ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಬಟ್ಟೆಯಿಂದ ಮುಚ್ಚಿದನು. ಗಾಯ ಕೀವಾಗದೆ ಮಾಯಿತು, ಮೂಳೆ ಕೂಡಿತು, ಆರು ವಾರಗಳಲ್ಲಿ ಬಾಲಕನು ಕಾಲಿನ ಸಮೇತ ಮನೆಗೆ ಹೋದನು. 1867ರಲ್ಲಿ ಲಿಸ್ಟರನು ಪ್ರಕಟಿಸಿದ ಲೇಖನಮಾಲೆಯಿಂದ ಸಮಸ್ತ ಶಸ್ತ್ರವೈದ್ಯದ ಸ್ವರೂಪವೇ ಬದಲಾಯಿತು. ಈ ಪರಿವರ್ತನೆಗೆ ಮೊದಲ ನಿದರ್ಶನವಾದುದು ಒಂದು ಮುರಿದ ಕಾಲೆಂಬುದನ್ನು ಸ್ಮರಿಸಬೇಕು.

ಮಣ್ಣು ಸೋಕಿದ ಗಾಯಕ್ಕೆ ಇನ್ನೊಂದು ಶತ್ರು ಧನುರ್ವಾಯು. 1890ರಲ್ಲಿ ಬರ್ಲಿನ್ನಿನಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಜಪಾನಿನ ಕಿಟಸಾಟೊ ಶಿಬಾಸಾಬುರೊ ಎಂಬುವರು, ಈ ರೋಗದ ವಿಷಕ್ಕೆ ಪ್ರಾಣಿಗಳನ್ನು ಕ್ರಮವಾಗಿ ಒಗ್ಗಿಸಿದರೆ ಅವುಗಳ ರಕ್ತರಸದಲ್ಲಿ ವಿಷವನ್ನು ಅಡಗಿಸುವ ದ್ರವ್ಯವೊಂದು ಹುಟ್ಟುವುದೆಂದೂ, ಅದನ್ನು ಬೇರೆ ಪ್ರಾಣಿಗೆ ಚುಚ್ಚಿದರೆ ರಕ್ಷಣೆ ದೊರೆಯುವುದೆಂದೂ ತೋರಿಸಿದರು. ಆ ದ್ರವ್ಯವೇ ಮುಂದೆ ಪ್ರತಿಕಾಯವೆಂದು ಪ್ರಸಿದ್ಧವಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆಲ್ಲ ಕುದುರೆಯ ರಕ್ತದಿಂದ ತೆಗೆದ ಈ ಪ್ರತಿವಿಷವನ್ನು ಕೊಡತೊಡಗಿದ ಮೇಲೆ ಧನುರ್ವಾಯುವಿನ ಹಾವಳಿ ಬಹುವಾಗಿ ತಗ್ಗಿತು. ಹೀಗೆ ಪ್ರತಿಕಾಯಕ್ಕೂ ಮುರಿದ ಮೂಳೆಗೂ ಮೊದಲ ಭೇಟಿಯಾದುದು ರಣರಂಗದ ಕೆಸರಿನಲ್ಲಿ.

ಪ್ರತಿಜೈವಿಕಗಳು ಬಂದ ಮೇಲೆ, ಅವನ್ನು ವಿವೃತ ಭಂಗದಲ್ಲಿ ಮೊದಲಿಗೇ ಕೊಟ್ಟರೆ ಸೋಂಕು ಕಡಿಮೆಯಾಗುವುದೆಂಬುದನ್ನು ಅಮೆರಿಕದ ಪಟ್ಜಾಕಿಸ್ ಮತ್ತು ಸಂಗಡಿಗರು 1974ರಲ್ಲಿ ತುಲನಾತ್ಮಕ ಪರೀಕ್ಷೆಯಿಂದ ಸ್ಥಾಪಿಸಿದರು. 1976ರಲ್ಲಿ ಗಸ್ಟಿಲೊ ಮತ್ತು ಆಂಡರ್ಸನ್ ಗಾಯದ ಗಾತ್ರ, ಅಂಗಾಂಶದ ಹಾನಿಗಳನ್ನನುಸರಿಸಿ ಮಾಡಿದ ವರ್ಗೀಕರಣ ಈಗಲೂ ರೂಢಿಯಲ್ಲಿದೆ. ಅದರ ತೀವ್ರ ವರ್ಗಗಳಲ್ಲಿ ಕಾಲನ್ನುಳಿಸಬಹುದೆ ಎಂಬುದನ್ನು ನಿರ್ಣಯಿಸಲು ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ರಾಜಶೇಖರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಂಕಕ್ರಮವು ಭಾರತೀಯ ಅನುಭವದ ಫಲ. ಗಾಯವನ್ನು ತೊಳೆಯುವ ರೀತಿಯನ್ನು ಕುರಿತು 2,447 ರೋಗಿಗಳ ಫಲವನ್ನಾಧರಿಸಿ 2015ರಲ್ಲಿ ಪ್ರಕಟವಾದ ಫ್ಲೋ ಎಂಬ ಅಂತಾರಾಷ್ಟ್ರೀಯ ಪರೀಕ್ಷೆಯು, ನೀರನ್ನು ರಭಸದಿಂದ ಹಾಯಿಸುವುದರಿಂದ ವಿಶೇಷ ಲಾಭವಿಲ್ಲವೆಂದೂ, ಸಾಬೂನಿನ ದ್ರಾವಣಕ್ಕಿಂತ ಉಪ್ಪುನೀರೇ ಮೇಲೆಂದೂ ತಿಳಿಸಿತು. ಅಗ್ಗವೂ ಸುಲಭವೂ ಆದ ಉಪಾಯವೇ ಉತ್ತಮವೆಂದು ಸಿದ್ಧಪಟ್ಟ ಇಂತಹ ಫಲಗಳು ಬಡ ದೇಶಗಳಿಗೆ ದೊಡ್ಡ ವರ.

ಅಚಲಗೊಳಿಸುವ ಉಪಾಯಗಳು

ಡಚ್ ಸೇನೆಯ ವೈದ್ಯ ಆಂಟೋನಿಯಸ್ ಮಾಥೈಸೆನ್ 1852ರಲ್ಲಿ ಪ್ರಕಟಪಡಿಸಿದ, ಜಿಪ್ಸಮ್ ಪುಡಿ ಸವರಿದ ಬಟ್ಟೆಯ ಪಟ್ಟಿ ನೀರು ತಾಕಿದೊಡನೆ ಗಟ್ಟಿಯಾಗುವ ಗುಣದಿಂದ ಲೋಕವ್ಯಾಪಿಯಾಯಿತು. ರಷ್ಯದ ನಿಕೊಲಾಯ್ ಪಿರಗೋವ್ ಕ್ರಿಮಿಯ ಯುದ್ಧದಲ್ಲಿ ಪ್ಲಾಸ್ಟರನ್ನು ವಿಪುಲವಾಗಿ ಬಳಸಿದನು. ಲಿವರ್‌ಪೂಲಿನ ಹ್ಯೂ ಓವೆನ್ ತಾಮಸ್ ರೂಪಿಸಿದ ಕಬ್ಬಿಣದ ಬಳೆಯ ಆಸರೆಯನ್ನು ಅವನ ಬಂಧುವೂ ಶಿಷ್ಯನೂ ಆದ ರಾಬರ್ಟ್ ಜೋನ್ಸ್ ಮೊದಲನೆಯ ಮಹಾಯುದ್ಧದಲ್ಲಿ ಬಳಕೆಗೆ ತಂದುದರಿಂದ, ತೊಡೆಮೂಳೆ ಮುರಿದ ಸೈನಿಕರಲ್ಲಿ ಅನೇಕರ ಪ್ರಾಣವುಳಿಯಿತು. 1895ರ ನವೆಂಬರಿನಲ್ಲಿ ರಂಟ್‌ಗೆನ್ ಕಂಡುಹಿಡಿದ ಎಕ್ಸ್ ಕಿರಣಗಳಿಂದ, ಅದುವರೆಗೆ ಬೆರಳಿನ ಸ್ಪರ್ಶದಿಂದ ಮಾತ್ರ ಊಹಿಸುತ್ತಿದ್ದ ಮುರಿತದ ರೂಪವು ಕಣ್ಣಿಗೇ ಕಾಣಿಸಿತು.

ಲೋಹದ ಪಟ್ಟಿಗಳಿಂದ ಮೂಳೆಯನ್ನು ಬಂಧಿಸುವ ಯತ್ನಗಳು ಇಂಗ್ಲೆಂಡಿನ ಲೇನ್, ಬೆಲ್ಜಿಯಮಿನ ಲಂಬಾಟ್ ಇವರಿಂದ ಪ್ರಚಾರಕ್ಕೆ ಬಂದುವು. 1939ರಲ್ಲಿ ಜರ್ಮನಿಯ ಗೆರ್ಹಾರ್ಡ್ ಕ್ಯೂಂಟ್ಷರ್, ತೊಡೆಮೂಳೆಯ ಮಜ್ಜೆಯ ನಾಳದುದ್ದಕ್ಕೂ ಉಕ್ಕಿನ ಸಲಾಕೆಯೊಂದನ್ನು ತೂರಿಸುವ ಶಸ್ತ್ರಕ್ರಿಯೆಯನ್ನು ನೆರವೇರಿಸಿದನು. ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕಾಗಿದ್ದ ರೋಗಿ ಇದರಿಂದ ಕೆಲವೇ ದಿನಗಳಲ್ಲಿ ಎದ್ದು ನಿಲ್ಲುವಂತಾಯಿತು. 1958ರಲ್ಲಿ ಸ್ವಿಟ್ಸರ್ಲೆಂಡಿನ ಮಾರಿಸ್ ಮ್ಯುಲರ್ ಮತ್ತು ಸಂಗಡಿಗರು ಸ್ಥಾಪಿಸಿದ ಎ.ಓ. ಸಂಘವು ಮರುವರ್ಷ ದಾವೋಸಿನಲ್ಲಿ ಪ್ರಯೋಗಶಾಲೆಯನ್ನು ತೆರೆದು, ಉಪಕರಣಗಳನ್ನು ಏಕರೂಪಗೊಳಿಸಿ, ನೋವಿಲ್ಲದ ಬೇಗನೆಯ ಚಲನೆಯನ್ನೇ ಚಿಕಿತ್ಸೆಯ ಗುರಿಯಾಗಿಸಿತು. ಸೈಬೀರಿಯದ ಕುರ್ಗಾನಿನಲ್ಲಿ 1950ರ ದಶಕದಲ್ಲಿ ಗವ್ರೀಲ್ ಇಲಿಜಾರೊವ್, ಕಾಲಿನ ಹೊರಗೆ ಬಳೆಗಳನ್ನೂ ಒಳಗೆ ಬಿಗಿದ ತಂತಿಗಳನ್ನೂ ಅಳವಡಿಸಿ, ಕತ್ತರಿಸಿದ ಮೂಳೆಯ ತುದಿಗಳನ್ನು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ದೂರ ಸರಿಸಿದರೆ ನಡುವಿನ ಬಿರುಕಿನಲ್ಲಿ ಹೊಸ ಮೂಳೆಯೇ ಬೆಳೆಯುವುದೆಂದು ಕಂಡುಕೊಂಡನು.

ಪ್ರಯೋಗಶಾಲೆಯ ಪ್ರತಿಕಾಯಗಳು

ಧನುರ್ವಾಯುವಿನ ಪ್ರಸಂಗದಲ್ಲಿ ಹೆಸರಿಸಿದ ಪ್ರತಿಕಾಯವೆಂಬುದು ರಕ್ತದಲ್ಲಿರುವ ಒಂದು ಪ್ರೋಟೀನು. ಬಿ ಜಾತಿಯ ಬಿಳಿ ರಕ್ತಕಣಗಳಿಂದ ಮಾರ್ಪಟ್ಟ ಕೋಶಗಳು ಇದನ್ನು ಉತ್ಪಾದಿಸುತ್ತವೆ. ಇಂಗ್ಲಿಷಿನ ವೈ ಅಕ್ಷರವನ್ನು ಹೋಲುವ ಇದರ ಎರಡು ತೋಳುಗಳ ತುದಿಯಲ್ಲಿ, ಒಂದು ನಿರ್ದಿಷ್ಟ ಅಣುಭಾಗವನ್ನು ಮಾತ್ರ ಗುರುತಿಸಿ ಹಿಡಿಯುವ ನೆಲೆಗಳಿವೆ. ಈ ರಚನೆಯನ್ನು ಬಿಡಿಸಿ ತೋರಿಸಿದುದಕ್ಕಾಗಿ ಎಡೆಲ್ಮನ್ ಮತ್ತು ಪೋರ್ಟರ್ ಎಂಬ ವಿಜ್ಞಾನಿಗಳಿಗೆ 1972ರ ನೊಬೆಲ್ ಬಹುಮಾನ ಸಂದಿತು. ಅಸಂಖ್ಯಾತ ಅಣುಗಳ ನಡುವೆ ಒಂದನ್ನೇ ಆರಿಸಿ ಹಿಡಿಯುವ ಈ ಗುಣವೇ ಅದನ್ನು ಅಳೆಯುವ ಸಾಧನವಾಗಿಯೂ ಔಷಧವಾಗಿಯೂ ಮಾಡಿತು.

1941ರಲ್ಲಿ ಅಮೆರಿಕದ ಆಲ್ಬರ್ಟ್ ಕೂನ್ಸ್ ಪ್ರತಿಕಾಯಕ್ಕೆ ಪ್ರದೀಪಕ ವರ್ಣವನ್ನಂಟಿಸಿ, ಅಂಗಾಂಶದಲ್ಲಿ ಅದು ಹಿಡಿದ ವಸ್ತು ಸೂಕ್ಷ್ಮದರ್ಶಕದಡಿ ಹೊಳೆಯುವಂತೆ ಮಾಡಿದನು. ರೋಸಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ವಿಕಿರಣಶೀಲ ಗುರುತಿನ ನೆರವಿನಿಂದ ರಕ್ತದಲ್ಲಿರುವ ಅತ್ಯಲ್ಪ ಪ್ರಮಾಣದ ಹಾರ್ಮೋನನ್ನೂ ಅಳೆಯುವ ವಿಧಾನವನ್ನು ರೂಪಿಸಿದರು. ಮೂಳೆಯ ಸುಣ್ಣವನ್ನು ನಿಯಂತ್ರಿಸುವ ಪ್ಯಾರಾಥೈರಾಯ್ಡ್ ಹಾರ್ಮೋನನ್ನು 1963ರಲ್ಲಿ ಹೀಗೆ ಅಳೆಯಲು ಸಾಧ್ಯವಾಯಿತು. 1977ರಲ್ಲಿ ಯಾಲೊಗೆ ನೊಬೆಲ್ ಬಹುಮಾನ ದೊರೆಯಿತು. ವಿಕಿರಣದ ಬದಲು ಕಿಣ್ವದ ಬಣ್ಣವನ್ನು ಬಳಸುವ ಎಲೈಸಾ ವಿಧಾನವು 1971ರಲ್ಲಿ ಸ್ವೀಡನ್ ಮತ್ತು ನೆದರ್ಲೆಂಡ್ಸ್‌ಗಳಲ್ಲಿ ಸ್ವತಂತ್ರವಾಗಿ ಪ್ರಕಟವಾಯಿತು. ಇಂದು ಮುರಿತದ ರೋಗಿಯ ರಕ್ತದಲ್ಲಿ ಸೋಂಕನ್ನು ಸೂಚಿಸುವ ಸಿ-ಪ್ರತಿಕ್ರಿಯಾ ಪ್ರೋಟೀನು, ಮೂಳೆ ಕರಗುವ ಮತ್ತು ಕಟ್ಟುವ ವೇಗವನ್ನು ಹೇಳುವ ಕೊಲ್ಯಾಜನ್ ತುಣುಕುಗಳು, ಇವೆಲ್ಲವನ್ನೂ ಅಳೆಯಲು ನೆರವಾಗುವುದು ಪ್ರತಿಕಾಯವೇ.

ಪ್ರಾಣಿಗಳ ರಕ್ತರಸದಲ್ಲಿ ದೊರೆಯುವುದು ನಾನಾ ಬಗೆಯ ಪ್ರತಿಕಾಯಗಳ ಮಿಶ್ರಣ; ಒಂದು ಪ್ರಾಣಿಯಿಂದ ಬಂದುದು ಇನ್ನೊಂದರಿಂದ ಬಂದುದನ್ನು ಹೋಲುವುದಿಲ್ಲ. 1975ರಲ್ಲಿ ಕೇಂಬ್ರಿಜ್ಜಿನಲ್ಲಿ ಗೆಯೋರ್ಗ್ ಕೋಲರ್ ಮತ್ತು ಸೆಸರ್ ಮಿಲ್‌ಸ್ಟೈನ್, ಪ್ರತಿಕಾಯವನ್ನು ಉತ್ಪಾದಿಸುವ ಇಲಿಯ ಗುಲ್ಮಕೋಶವನ್ನು ಕೊನೆಯಿಲ್ಲದೆ ವಿಭಜನೆಗೊಳ್ಳುವ ಅರ್ಬುದಕೋಶದೊಡನೆ ಬೆಸೆದು, ಒಂದೇ ಬಗೆಯ ಪ್ರತಿಕಾಯವನ್ನು ಅವಿಚ್ಛಿನ್ನವಾಗಿ ಸ್ರವಿಸುವ ಸಂಕರಕೋಶವನ್ನು ಪಡೆದರು. ಈ ಏಕತದ್ರೂಪಿ ಪ್ರತಿಕಾಯಗಳ ಆವಿಷ್ಕಾರಕ್ಕೆ 1984ರಲ್ಲಿ ನೊಬೆಲ್ ಬಹುಮಾನ ಸಂದಿತು. ಇಲಿಯ ಪ್ರೋಟೀನನ್ನು ಮಾನವದೇಹವು ಪರಕೀಯವೆಂದು ಪ್ರತಿಭಟಿಸುವ ತೊಡಕನ್ನು ಗ್ರೆಗ್ ವಿಂಟರ್ ಮತ್ತು ಸಂಗಡಿಗರು 1986ರಲ್ಲಿ, ಹಿಡಿಯುವ ನೆಲೆಯನ್ನಷ್ಟೇ ಇಲಿಯದಾಗಿಟ್ಟು ಉಳಿದುದನ್ನು ಮಾನವನದಾಗಿಸುವುದರ ಮೂಲಕ ಬಹುಮಟ್ಟಿಗೆ ಬಗೆಹರಿಸಿದರು.

ಆದರೆ ಸಂಶೋಧನೆಗೆಂದು ಮಾರಾಟವಾಗುವ ಪ್ರತಿಕಾಯಗಳೆಲ್ಲವೂ ನಂಬಲರ್ಹವಲ್ಲ. ಒಂದು ಪ್ರೋಟೀನನ್ನು ಹಿಡಿಯಬೇಕಾದುದು ಅದನ್ನು ಬಿಟ್ಟು ಬೇರೊಂದನ್ನು ಹಿಡಿದರೆ, ಅದರ ಮೇಲೆ ಕಟ್ಟಿದ ಪ್ರಯೋಗಗಳ ಸೌಧವೆಲ್ಲ ಕುಸಿಯುತ್ತದೆ. ಆಯಾ ಜೀನನ್ನು ತೆಗೆದುಹಾಕಿದ ಕೋಶದಲ್ಲಿ ಪ್ರತಿಕಾಯವು ಏನನ್ನೂ ಗುರುತಿಸಬಾರದು ಎಂಬುದು ಅದರ ಶುದ್ಧಿಯನ್ನು ಪರೀಕ್ಷಿಸುವ ದೃಢವಾದ ಒರೆ. 2015ರಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಕೂಡಿ, ಅನುಕ್ರಮವು ನಿಖರವಾಗಿ ತಿಳಿದಿರುವ, ಜೀನುಗಳಿಂದಲೇ ತಯಾರಿಸಿದ ಪ್ರತಿಕಾಯಗಳನ್ನೇ ಬಳಸಬೇಕೆಂದು ಆಗ್ರಹಪಡಿಸಿದರು. ರೋಗಿಯ ಹಾಸಿಗೆಗೂ ಪ್ರಯೋಗಶಾಲೆಯ ಈ ಶಿಸ್ತಿಗೂ ದೂರವಿಲ್ಲ. ಅಲ್ಲಿಯ ತಪ್ಪು ಅಳತೆ ಇಲ್ಲಿಯ ತಪ್ಪು ಔಷಧವಾಗಿ ಪರಿಣಮಿಸಬಲ್ಲುದು.

ಮೂಳೆಸವೆತಕ್ಕೆ ಪ್ರತಿಕಾಯ ಔಷಧಗಳು

ಅಸ್ಥಿಭಂಜಕ ಕೋಶಗಳು ಬೆಳೆದು ಬಲಿಯಲು ರ್‍ಯಾಂಕ್-ಎಲ್ ಎಂಬ ಪ್ರೋಟೀನಿನ ಸಂಕೇತ ಬೇಕೆಂಬುದು 1990ರ ದಶಕದ ಕೊನೆಯಲ್ಲಿ ಸ್ಪಷ್ಟವಾಯಿತು. ಈ ಸಂಕೇತವನ್ನು ಹಿಡಿದು ತಡೆಯುವ ಮಾನವ ಪ್ರತಿಕಾಯವೇ ಡೆನೊಸುಮ್ಯಾಬ್. ಮೂಳೆಸವೆತವಿದ್ದ 7,868 ಮಂದಿ ಮಹಿಳೆಯರಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆರು ತಿಂಗಳಿಗೊಮ್ಮೆ 60 ಮಿಲಿಗ್ರಾಂ ಚುಚ್ಚುಮದ್ದನ್ನು ಮೂರು ವರ್ಷ ಪಡೆದವರಲ್ಲಿ ಬೆನ್ನೆಲುಬಿನ ಹೊಸ ಮುರಿತಗಳು ಶೇ. 68ರಷ್ಟೂ ಸೊಂಟದ ಮುರಿತಗಳು ಶೇ. 40ರಷ್ಟೂ ಕಡಿಮೆಯಾದುವು. 2010ರಲ್ಲಿ ಇದು ಯೂರೋಪು, ಅಮೆರಿಕಗಳಲ್ಲಿ ಅಂಗೀಕೃತವಾಯಿತು. ಆದರೆ ಬೇರೆ ಔಷಧವನ್ನು ಕೊಡದೆ ಇದನ್ನು ಹಠಾತ್ತಾಗಿ ನಿಲ್ಲಿಸಿದರೆ ಮೂಳೆಯ ನಾಶವು ಮರುಕಳಿಸಿ, ಬೆನ್ನೆಲುಬಿನಲ್ಲಿ ಒಂದರ ಮೇಲೊಂದು ಮುರಿತಗಳಾಗುವ ಅಪಾಯವಿದೆ. ಈ ಮಾತನ್ನು ರೋಗಿಗೂ ಮನೆಯವರಿಗೂ ಮೊದಲೇ ಮನದಟ್ಟಾಗುವಂತೆ ಹೇಳುವುದು ವೈದ್ಯನ ಕರ್ತವ್ಯ.

ಎರಡನೆಯ ಪ್ರತಿಕಾಯ ಔಷಧದ ಕಥೆ ದಕ್ಷಿಣ ಆಫ್ರಿಕದ ಡಚ್ ಮೂಲದ ಕೆಲವು ಕುಟುಂಬಗಳಿಂದ ಮೊದಲಾಗುತ್ತದೆ. ಅಲ್ಲಿ ಕೆಲವರ ಮೂಳೆಗಳು ಅತಿಯಾಗಿ ದಪ್ಪಗೊಂಡು ಸುಲಭವಾಗಿ ಮುರಿಯದಂತಿದ್ದುವು. ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ಲೋಪವಿರುವುದೇ ಇದಕ್ಕೆ ಕಾರಣವೆಂದು 2001ರಲ್ಲಿ ತಿಳಿದುಬಂದಿತು. ಮೂಳೆ ಕಟ್ಟುವುದಕ್ಕೆ ಕಡಿವಾಣದಂತಿರುವ ಈ ಪ್ರೋಟೀನನ್ನು ತಡೆಯುವ ಪ್ರತಿಕಾಯ ರೋಮೊಸೊಜುಮ್ಯಾಬ್. 2016ರ ಪರೀಕ್ಷೆಯೊಂದರಲ್ಲಿ, 7,180 ಮಹಿಳೆಯರ ಪೈಕಿ ಇದನ್ನು ಪಡೆದವರಲ್ಲಿ ಒಂದು ವರ್ಷದೊಳಗೆ ಬೆನ್ನೆಲುಬಿನ ಮುರಿತಗಳು ಶೇ. 73ರಷ್ಟು ತಗ್ಗಿದುವು. ಆದರೆ ಮರುವರ್ಷದ ಇನ್ನೊಂದು ಪರೀಕ್ಷೆಯಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳ ಶಂಕೆ ತಲೆದೋರಿದುದರಿಂದ, 2019ರಲ್ಲಿ ಅನುಮತಿ ದೊರೆತಾಗ ಅಮೆರಿಕದಲ್ಲಿ ಆ ಎಚ್ಚರಿಕೆಯನ್ನೂ ಜೊತೆಗೇ ಸೇರಿಸಲಾಯಿತು.

ಮೂಳೆಯನ್ನು ಬೆಳೆಸುವ ಈ ಪ್ರತಿಕಾಯವು ಮುರಿದ ಮೂಳೆಯನ್ನು ಬೇಗ ಕೂಡಿಸೀತೆಂಬ ನಿರೀಕ್ಷೆ ಸಹಜವಾಗಿಯೇ ಹುಟ್ಟಿತು. ಪ್ರಾಣಿಗಳಲ್ಲಿ ಅದು ಸಫಲವೂ ಆಗಿದ್ದಿತು. ಆದರೆ ಸೊಂಟದ ಮುರಿತದ 332 ರೋಗಿಗಳಲ್ಲಿಯೂ, ಮೊಣಕಾಲ ಕೆಳಗಿನ ಮೂಳೆ ಮುರಿದ 402 ರೋಗಿಗಳಲ್ಲಿಯೂ ನಡೆದು 2020ರಲ್ಲಿ ಪ್ರಕಟವಾದ ಎರಡು ಪರೀಕ್ಷೆಗಳಲ್ಲಿ, ಶಸ್ತ್ರಕ್ರಿಯೆಯ ಜೊತೆಗೆ ಇದನ್ನು ಕೊಟ್ಟುದರಿಂದ ಮೂಳೆ ಬೇಗ ಕೂಡಲಿಲ್ಲ. ಮುರಿಯದಂತೆ ತಡೆಯುವುದು ಬೇರೆ, ಮುರಿದುದನ್ನು ಕೂಡಿಸುವುದು ಬೇರೆ ಎಂಬ ಈ ಪಾಠ, ಯಶಸ್ಸಿನ ವರದಿಗಳಷ್ಟೇ ಬೆಲೆಯುಳ್ಳದು.

ತುಲನಾತ್ಮಕ ಪರೀಕ್ಷೆಗಳು ಕಲಿಸಿದುದು

ಶಸ್ತ್ರಕ್ರಿಯೆಯ ಕೌಶಲ ಬೆಳೆದಂತೆಲ್ಲ, ಮಾಡಲು ಸಾಧ್ಯವಾದುದನ್ನೆಲ್ಲ ಮಾಡಬೇಕೆಂಬ ಒಲವೂ ಬೆಳೆಯಿತು. ಈ ಒಲವನ್ನು ಒರೆಗೆ ಹಚ್ಚಿದುದು, ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಿ ಹಂಚಿ ಫಲವನ್ನು ಹೋಲಿಸುವ ಪರೀಕ್ಷಾಕ್ರಮ. ಬ್ರಿಟನ್ನಿನಲ್ಲಿ 461 ರೋಗಿಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯು, ಮಣಿಕಟ್ಟಿನ ಮುರಿತಕ್ಕೆ ದುಬಾರಿ ಲೋಹಪಟ್ಟಿಯೂ ಸಾಮಾನ್ಯ ತಂತಿಯೂ ಸಮಾನವೆಂದು ತೋರಿಸಿತು. ಮರುವರ್ಷ 250 ರೋಗಿಗಳ ಪರೀಕ್ಷೆಯು, ಭುಜದ ಬಳಿಯ ಸರಿದ ಮುರಿತಗಳಲ್ಲಿ ಬಹುಪಾಲಿಗೆ ಶಸ್ತ್ರಕ್ರಿಯೆಯು ಜೋಳಿಗೆಕಟ್ಟಿಗಿಂತ ಮೇಲಲ್ಲವೆಂದಿತು. ಮುರಿತದ ಬಳಿಕ ರಕ್ತ ಹೆಪ್ಪುಗಟ್ಟಿ ಸಾವುಂಟಾಗುವುದನ್ನು ತಡೆಯುವಲ್ಲಿ ಅಗ್ಗದ ಆಸ್ಪಿರಿನ್ ಮಾತ್ರೆಯು ಹೆಪಾರಿನ್ ಚುಚ್ಚುಮದ್ದಿಗೆ ಹಿಂದೆ ಬೀಳದೆಂದು 12,211 ರೋಗಿಗಳ ಪರೀಕ್ಷೆಯೊಂದು 2023ರಲ್ಲಿ ವರದಿ ಮಾಡಿತು. ಸೊಂಟದ ಮುರಿತಕ್ಕೆ ಆರು ಗಂಟೆಗಳೊಳಗೆ ಶಸ್ತ್ರಕ್ರಿಯೆ ನಡೆಸುವ ಗುರಿಯಿಟ್ಟು, ಭಾರತವೂ ಸೇರಿದಂತೆ 17 ದೇಶಗಳ 69 ಆಸ್ಪತ್ರೆಗಳಲ್ಲಿ 2,970 ಮಂದಿಯನ್ನು ಒಳಗೊಂಡ ಪರೀಕ್ಷೆಯಲ್ಲಿ, ತ್ವರೆಯಿಂದ ಸಾವಿನ ಸಂಖ್ಯೆ ಗಣನೀಯವಾಗಿ ಇಳಿಯದಿದ್ದರೂ, ಸನ್ನಿಯು ಕಡಿಮೆಯಾಗಿ ರೋಗಿಗಳು ಬೇಗನೆ ಎದ್ದು ನಿಂತರು.

ರೋಗಿಯ ಶುಶ್ರೂಷೆ

ವೃದ್ಧರಲ್ಲಿ ತೊಡೆಮೂಳೆಯ ಕತ್ತು ಮುರಿಯುವುದು ಮೂಳೆಯೊಂದರ ಕಾಯಿಲೆಯಲ್ಲ. ಹೃದಯ, ಮೂತ್ರಪಿಂಡ, ಪುಷ್ಟಿ, ನೆನಪು, ದೃಷ್ಟಿ ಎಲ್ಲವೂ ಕುಂದುತ್ತಿರುವಾಗ ಬರುವ ಈ ಆಘಾತವನ್ನು ಮೊಳೆಯೊಂದೇ ಪರಿಹರಿಸಲಾರದು. ಹಾಗೆಂದು ಮೊದಲಿಗೆ ಮನಗಂಡು, ಅಸ್ಥಿಶಸ್ತ್ರಜ್ಞ ಮೈಕೇಲ್ ಡೆವಾಸ್ ಮತ್ತು ವೃದ್ಧಾಪ್ಯವೈದ್ಯ ಬಾಬಿ ಅರ್ವಿನ್ ಇಂಗ್ಲೆಂಡಿನ ಹೇಸ್ಟಿಂಗ್ಸ್ ನಗರದಲ್ಲಿ ಒಂದೇ ವಾರ್ಡಿನಲ್ಲಿ ಜೊತೆಗೂಡಿ ದುಡಿಯುವ ಪದ್ಧತಿಯನ್ನು ತಂದರು. ಅಮೆರಿಕದಲ್ಲಿ 126 ರೋಗಿಗಳಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪರೀಕ್ಷೆಯು, ವೃದ್ಧಾಪ್ಯವೈದ್ಯನ ನಿತ್ಯದ ಸಲಹೆಯಿಂದ ಸನ್ನಿಯ ಪ್ರಮಾಣ ಶೇ. 50ರಿಂದ 32ಕ್ಕೆ ಇಳಿಯಿತೆಂದು ತಿಳಿಸಿತು. ನಾರ್ವೆಯ ಟ್ರಾಂಡ್‌ಹೈಮ್ ನಗರದಲ್ಲಿ 70 ವರ್ಷ ದಾಟಿದ 397 ರೋಗಿಗಳ ಪೈಕಿ ಸಮಗ್ರ ವೃದ್ಧಾಪ್ಯ ಶುಶ್ರೂಷೆಯನ್ನು ಪಡೆದವರು, ನಾಲ್ಕು ತಿಂಗಳ ಬಳಿಕ ಉಳಿದವರಿಗಿಂತ ಚೆನ್ನಾಗಿ ನಡೆದಾಡಬಲ್ಲವರಾಗಿದ್ದರೆಂದು 2015ರಲ್ಲಿ ವರದಿಯಾಯಿತು. ಮೂಳೆಗೆ ಮಾಡಿದ ಶಸ್ತ್ರಕ್ರಿಯೆ ಎರಡು ಗುಂಪುಗಳಿಗೂ ಸಮಾನ. ಫಲವನ್ನು ಬೇರ್ಪಡಿಸಿದುದು ಆರೈಕೆ.

ಈ ಆರೈಕೆಯ ಅಂಗಗಳು ಸರಳ. ಬಂದೊಡನೆ ನರದ ಸುತ್ತ ಮದ್ದು ಚುಚ್ಚಿ ನೋವನ್ನು ತಗ್ಗಿಸುವುದು, ಅನಗತ್ಯವಾಗಿ ಉಪವಾಸವಿಡದಿರುವುದು, ಕನ್ನಡಕವನ್ನೂ ಶ್ರವಣಸಾಧನವನ್ನೂ ಹತ್ತಿರವಿಡುವುದು, ಮೂತ್ರನಳಿಕೆಯನ್ನು ಬೇಗ ತೆಗೆಯುವುದು, ಮರುದಿನವೇ ಕೂರಿಸಿ ನಿಲ್ಲಿಸುವುದು. ಲಂಡನ್ನಿನ ದಾದಿ ಡೋರೀನ್ ನಾರ್ಟನ್ ಮತ್ತು ಸಂಗಡಿಗರು 1962ರಲ್ಲಿ ಪ್ರಕಟಿಸಿದ ಅಧ್ಯಯನವು, ಹಾಸಿಗೆಯ ಹುಣ್ಣು ಯಾರಿಗೆ ಬಂದೀತೆಂದು ಮೊದಲೇ ಅಂಕಗಳಿಂದ ಅಳೆಯಬಹುದೆಂದೂ, ಲೇಪನಗಳಿಗಿಂತ ಮಿಗಿಲಾಗಿ ಗಳಿಗೆ ಗಳಿಗೆಗೆ ಮಗ್ಗುಲು ಬದಲಾಯಿಸುವುದರಿಂದಲೇ ಅದನ್ನು ತಡೆಯಬಹುದೆಂದೂ ತೋರಿಸಿತು. ದಾದಿಯರ ದೈನಂದಿನ ಕೆಲಸವೂ ವಿಜ್ಞಾನದ ವಸ್ತುವೆಂದು ಸ್ಥಾಪಿಸಿದ ಕೃತಿಗಳಲ್ಲಿ ಇದು ಮೊದಲ ಸಾಲಿನದು.

ಒಮ್ಮೆ ಮುರಿದವರಲ್ಲಿ ಮತ್ತೆ ಮುರಿಯುವ ಸಂಭವ ಹೆಚ್ಚು. ಸೊಂಟದ ಮುರಿತವಾದ 90 ದಿನಗಳೊಳಗೆ ಜೊಲೆಡ್ರಾನಿಕ್ ಆಮ್ಲದ ವಾರ್ಷಿಕ ಚಿಕಿತ್ಸೆಯನ್ನು ಆರಂಭಿಸಿದರೆ ಹೊಸ ಮುರಿತಗಳು ಶೇ. 35ರಷ್ಟೂ ಸಾವುಗಳು ಶೇ. 28ರಷ್ಟೂ ಕಡಿಮೆಯಾಗುವುವೆಂದು 2,127 ರೋಗಿಗಳ ಪರೀಕ್ಷೆಯು 2007ರಲ್ಲಿ ತೋರಿಸಿತು. ಇಷ್ಟಿದ್ದರೂ ಅನೇಕ ರೋಗಿಗಳು ಮೂಳೆಯನ್ನು ಜೋಡಿಸಿಕೊಂಡು, ಅದು ಏಕೆ ಮುರಿಯಿತೆಂಬ ವಿಚಾರಣೆಯಿಲ್ಲದೆ ಮನೆಗೆ ಮರಳುತ್ತಾರೆ.

ಕರ್ನಾಟಕದಲ್ಲಿ

ಬೆಂಗಳೂರಿನ ಸಂಜಯ್ ಗಾಂಧಿ ಅಪಘಾತ ಮತ್ತು ಅಸ್ಥಿಚಿಕಿತ್ಸಾ ಸಂಸ್ಥೆಯು ಈ ಕ್ಷೇತ್ರಕ್ಕೇ ಮೀಸಲಾದ ಸರಕಾರಿ ಆಶ್ರಯದ ಆಸ್ಪತ್ರೆ. 2008ರ ನವೆಂಬರಿನಲ್ಲಿ ಮೊದಲಾದ 108 ಆರೋಗ್ಯ ಕವಚ ವಾಹನಸೇವೆಯಿಂದ ರಸ್ತೆಯ ಅಪಘಾತಗಳಲ್ಲಿ ಗಾಯಗೊಂಡವರನ್ನು ಬೇಗ ಸಾಗಿಸುವ ಏರ್ಪಾಡು ರಾಜ್ಯದಲ್ಲಿ ನೆಲೆಗೊಂಡಿತು. ಪ್ರತಿಕಾಯಗಳ ತಯಾರಿಕೆಯಲ್ಲಿಯೂ ಬೆಂಗಳೂರಿಗೆ ಸ್ಥಾನವಿದೆ. ಇಲ್ಲಿನ ಬಯೋಕಾನ್ ಸಂಸ್ಥೆಯು ಅರ್ಬುದ ಚಿಕಿತ್ಸೆಗಾಗಿ ನಿಮೊಟುಜುಮ್ಯಾಬ್ ಎಂಬ ಏಕತದ್ರೂಪಿ ಪ್ರತಿಕಾಯವನ್ನು 2006ರಲ್ಲಿ ಬಳಕೆಗೆ ತಂದಿತು.

ಎಲ್ಲ ಜಿಲ್ಲೆಗಳಿಗೂ ಪ್ರತಿಕಾಯ ಔಷಧಗಳು ಕೈಗೆಟುಕುವ ಬೆಲೆಯಲ್ಲಿ ದೊರೆಯುವ ದಿನ ಬರಲಿ. ಅದಕ್ಕಾಗಿ ಶ್ರಮಿಸುವುದು ಯುಕ್ತ. ಆದರೆ ವಿವೃತ ಭಂಗಕ್ಕೆ ಬಂದ ಕೂಡಲೆ ಪ್ರತಿಜೈವಿಕ, ಗಾಯಕ್ಕೆ ಸಮೃದ್ಧವಾದ ಉಪ್ಪುನೀರು, ಬಿಗಿಯಾದ ಕಟ್ಟನ್ನು ತಡಮಾಡದೆ ಬಿಚ್ಚುವ ಎಚ್ಚರ, ಮುದುಕರಿಗೆ ನೋವಿನ ಶಮನ, ಮಗ್ಗುಲು ಬದಲಾಯಿಸುವ ಕೈ, ಮರುದಿನವೇ ನಡೆದಾಡಿಸುವ ಆಸರೆ, ಮುಂದಿನ ಮುರಿತವನ್ನು ತಡೆಯುವ ಔಷಧ ಇವಾವುವಕ್ಕೂ ಮಹಾಯಂತ್ರಗಳು ಬೇಕಿಲ್ಲ. ತರಬೇತಿ ಹೊಂದಿದ ದಾದಿಯರೂ ಹೊಣೆಯರಿತ ವೈದ್ಯರೂ ಸಾಕಷ್ಟು ಸಂಖ್ಯೆಯಲ್ಲಿದ್ದರೆ ಇವೆಲ್ಲ ತಾಲೂಕು ಆಸ್ಪತ್ರೆಯಲ್ಲಿಯೂ ಸಾಧ್ಯ. ಇವುಗಳ ಪ್ರಯೋಜನವು ಸಾವಿರಾರು ರೋಗಿಗಳ ಸಹಕಾರದಿಂದ, ಬಹುಕಾಲದ ಪರಿಶ್ರಮದಿಂದ ತಿಳಿದುಬಂದುದಾಗಿರುವಾಗ, ಅದನ್ನು ಅತ್ಯಂತ ಬಡ ರೋಗಿಗೂ ತಲಪಿಸದಿರುವುದು ಅಜ್ಞಾನವೆನಿಸದು, ಅನ್ಯಾಯವೆನಿಸುವುದು.